ನಮ್ಮ ವೀಸಾ ಕೇರಿಯಲ್ಲೇ ನಿಂತಿದೆ

ಹಾಸ್ಟೆಲ್ ಗೆಳೆಯರೇ,

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಒಂದು ಆಜ್ಞೆಗೆ ಸಹಿ ಹಾಕಿದ. ಹೊರದೇಶದಿಂದ ಎಚ್-1ಬಿ ವೀಸಾ ಮೇಲೆ ಹೊಸದಾಗಿ ಒಬ್ಬನನ್ನು ಕರೆಸಿಕೊಳ್ಳಬೇಕಾದರೆ 1 ಲಕ್ಷ ಡಾಲರ್ ಕಟ್ಟಬೇಕು! ಆಗಿನ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ಕಂಪನಿಗಷ್ಟೇ ಅಲ್ಲ, ಯೂನಿವರ್ಸಿಟಿಯ ಪ್ರಯೋಗಾಲಯಕ್ಕೂ ಅದೇ ದರ. ಪಿಎಚ್.ಡಿ. ಮುಗಿಸಿ ಅಲ್ಲಿ ಸಂಶೋಧನೆಗೆ ಸೇರುವವನ ವರ್ಷದ ಸಂಬಳಕ್ಕಿಂತ ಈ ಸುಂಕವೇ ಜಾಸ್ತಿ.

ಗ್ರೀನ್ ಕಾರ್ಡಿನ ಗೋಳು ಇನ್ನೂ ಹಳೆಯದು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇ. 7ರ ಮಿತಿ. ಇಂಡಿಯಾದಲ್ಲಿ ಹುಟ್ಟಿದವನು ದಶಕಗಟ್ಟಲೆ ಸಾಲಿನಲ್ಲಿ ನಿಲ್ಲಬೇಕು. ಮೀಸಲಾತಿ ಎಂದರೆ ಮೂಗು ಮುರಿಯುವ ನಮ್ಮ 'ಪ್ರತಿಭಾವಂತರು' ಈಗ ಕೇಳ್ತಾರೆ: "ಎಷ್ಟು ಓದಿದ್ರೇನು, ಎಲ್ಲಿ ಹುಟ್ಟಿದೆ ಅಂತ ನೋಡಿ ಬಾಗಿಲು ಹಾಕ್ತಾರಲ್ಲ, ಇದ್ಯಾವ ನ್ಯಾಯ?"

ಸ್ವಾಮಿ, ನಾವು ತಲತಲಾಂತರದಿಂದ ಕೇಳ್ತಾ ಬಂದಿರೋದೂ ಅದನ್ನೇ! ನಂಜನಗೂಡಿನಲ್ಲೂ ನರಸೀಪುರದಲ್ಲೂ ಕಪಿಲೆಯ ನೀರು ಒಂದೇ. ಕೇರಿ ಮಾತ್ರ ಬೇರೆ. ಹುಟ್ಟಿದ ಜಾಗ ನೋಡಿ ಹಾಕಿದ ಆ ಬೇಲಿ ದಾಟಲು ನಮಗೆ ಯಾವ ಕಚೇರಿ ವೀಸಾ ಕೊಟ್ಟಿತು?

ಬಾಬಾಸಾಹೇಬರು 1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿಗೆ ಹೋದರು. ಕೊಲಂಬಿಯಾದಲ್ಲಿ ಎಂ.ಎ. ಮಾಡಿದರು, ಲಂಡನ್ನಿನಲ್ಲೂ ಓದಿದರು. 1917ರಲ್ಲಿ ಬರೋಡಕ್ಕೆ ನೌಕರಿಗೆ ಬಂದಾಗ ತಂಗಲು ಒಂದು ಕೋಣೆ ಸಿಗಲಿಲ್ಲ. ಹೆಸರು ಮರೆಸಿ ಉಳಿದಿದ್ದ ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದವರು ಹೊರಹಾಕಿದರು. ಮುಂದೆ ಇಂಥ ಅನುಭವಗಳನ್ನೆಲ್ಲ ಬರೆದಿಟ್ಟ ಅವರ ಬರಹಕ್ಕೆ ಇರುವ ಹೆಸರೇ 'ವೀಸಾಕ್ಕಾಗಿ ಕಾಯುತ್ತಾ'. ಸಮುದ್ರ ದಾಟಲು ಬೇಕಾದ ಕಾಗದದ ಮಾತಲ್ಲ ಅದು. ಸ್ವಂತ ದೇಶದೊಳಗೆ ಕಾಲಿಡಲು ಬೇಕಾದ ವೀಸಾ!

ಸಮುದ್ರ ದಾಟಿದರೆ ಜಾತಿ ಬಿಡುತ್ತೇನು? ಇವರ ಸೂಟ್‌ಕೇಸಿನಲ್ಲಿ ಅದೂ ವಿಮಾನ ಹತ್ತಿತು. 2023ರಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿ ತಾರತಮ್ಯದ ವಿರುದ್ಧ ಕಾನೂನು ಮಾಡಬೇಕಾಗಿ ಬಂತು. ಸುಮ್ಮನೆ ಮಾಡಿದರೇ?

ಇನ್ನು 'ಪ್ರತಿಭಾ ಪಲಾಯನ'ದ ಅಳು. ಹೊರಗೆ ನೆಲೆಸಿದ ವಿಜ್ಞಾನಿಗಳು ವರ್ಷಕ್ಕೆ ಒಂದೆರಡು ತಿಂಗಳು ಬಂದು ಹೋಗಲು ಕೇಂದ್ರ ಸರ್ಕಾರ 2023ರಲ್ಲಿ ವೈಭವ್ ಫೆಲೋಶಿಪ್ ತಂದಿತು. ತಿಂಗಳಿಗೆ 4 ಲಕ್ಷ ರೂಪಾಯಿ! ಬರಲಿ, ಬೇಡ ಅನ್ನಲ್ಲ. ಆದರೆ ದಲಿತರ, ಅಲೆಮಾರಿಗಳ, ಭೂಹೀನ ಕೂಲಿಕಾರರ ಮಕ್ಕಳು ಹೊರಗೆ ಓದಲು ಇರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇಡೀ ದೇಶಕ್ಕೆ 125. 2025ರಲ್ಲಿ 106 ಮಂದಿಯನ್ನು ಆರಿಸಿ, ಮೊದಲಿಗೆ 40 ಜನರಿಗಷ್ಟೇ ಪತ್ರ ಕೊಟ್ಟರು. ಉಳಿದ 66 ಮಂದಿಗೆ 'ಹಣ ಇದ್ದರೆ ನೋಡೋಣ' ಅಂದರು. ಗದ್ದಲ ಎದ್ದ ಮೇಲೆ ದಾರಿಗೆ ಬಂದರು. ಹೋದವರನ್ನು ಕರೆಯಲು ದುಡ್ಡಿದೆ, ಹೋಗಬೇಕಾದ ನಮ್ಮವರಿಗೆ ಇಲ್ಲ!

ಟ್ರಂಪ್ ಗೋಡೆ ಕಟ್ಟಿದ ಅಂತ ನಾವು ಚಪ್ಪಾಳೆ ತಟ್ಟುವುದಿಲ್ಲ. ಅಪ್ಪನ ಆಸ್ತಿ ಇದ್ದವನು ಬೇರೆ ದೇಶದ ದಾರಿ ಹುಡುಕುತ್ತಾನೆ. ಗೋಡೆಗೆ ಮೊದಲು ತಲೆ ಚಚ್ಚಿಕೊಳ್ಳೋನು ಕೂಲಿ ಮಾಡಿದ ಅವ್ವನ ಮಗ, ಮಗಳು. ಹುಟ್ಟು ನೋಡಿ ಹಾಕಿದ ಬೇಲಿ ಎಲ್ಲಿದ್ದರೂ ಕೀಳಬೇಕು. ಆದರೆ ಕೇರಿಯ ಬೇಲಿಗೆ ಮುಳ್ಳು ಹೊಂದಿಸಿದವರು ಅಮೆರಿಕದ ಬೇಲಿ ಮುಂದೆ ನ್ಯಾಯ ಬೋಧಿಸಿದರೆ ನಾವು ಕೇಳೋದಿಲ್ಲ.

ಎಂ.ಎಸ್ಸಿ. ಓದುತ್ತಿರುವ ಗೆಳೆಯರೇ, ಗೆಳತಿಯರೇ, ಅರ್ಜಿ ಹಾಕಿ. ಒಬ್ಬೊಬ್ಬರೇ ಅಲ್ಲ, ಹಾಸ್ಟೆಲಿಗೆ ಹಾಸ್ಟೆಲೇ ಹಾಕಿ. ಕಾಲೇಜು ಶುರುವಾಗೋ ಮುಂಚೆ ಹಣದ ಪತ್ರ ಕೈಗೆ ಬರಬೇಕು ಅಂತ ಕೇಳಿ. ಇಲ್ಲಿನ ಸಂಶೋಧನಾ ಸಂಸ್ಥೆಗಳಲ್ಲಿ ಖಾಲಿ ಬಿಟ್ಟಿರುವ ಮೀಸಲು ಹುದ್ದೆಗಳ ಲೆಕ್ಕ ಕೇಳಿ. ಹೋಗುವ ಹಕ್ಕೂ ನಮ್ಮದು, ಮರಳಿ ಬಂದು ತಲೆ ಎತ್ತಿ ಬಾಳುವ ಹಕ್ಕೂ ನಮ್ಮದು.

ಜೈ ಭೀಮ್!