ಅಂಗಾಲಿನ ಕಪ್ಪು ಗೆರೆ

ಕಾಲಿನ ರಕ್ತನಾಳ ಉಬ್ಬಿ ಹಗ್ಗದಂತೆ ಎದ್ದು ಕಂಡರೆ ಡಾಕ್ಟರು ಅದನ್ನು ವೆರಿಕೋಸ್ ವೇನ್ ಎನ್ನುತ್ತಾರೆ. ಅದೇ ಪದವನ್ನು 1801ರಲ್ಲಿ ಒಂದು ಕಡಲಜೀವಿಗೆ ಅಂಟಿಸಿದವನು ಫ್ರಾನ್ಸಿನ ಲಮಾರ್ಕ್. ಜಿರಾಫೆಯ ಕುತ್ತಿಗೆಯ ವಿಷಯಕ್ಕೆ ಪಠ್ಯಪುಸ್ತಕಗಳಲ್ಲಿ ಇಂದಿಗೂ ಟೀಕೆಗೆ ಗುರಿಯಾಗುವ ಲಮಾರ್ಕನೇ! ಆದರೆ ಬೆನ್ನೆಲುಬಿಲ್ಲದ ಪ್ರಾಣಿಗಳನ್ನು ವಿಂಗಡಿಸುವುದರಲ್ಲಿ ಆತ ಗಟ್ಟಿಗ. ಅವನಿಟ್ಟ ಹೆಸರು ಫಿಲಿಡಿಯಾ ವೆರಿಕೋಸಾ.

ಇದು ಚಿಪ್ಪಿಲ್ಲದ ಬಸವನಹುಳು. ಆಫ್ರಿಕಾದ ಪೂರ್ವ ಕರಾವಳಿಯಿಂದ ಹವಾಯಿಯವರೆಗೆ, ನಮ್ಮ ಲಕ್ಷದ್ವೀಪ, ಅಂಡಮಾನ್‌ಗಳಲ್ಲೂ, ಹವಳದ ದಿಬ್ಬಗಳ ಮೇಲೆ ಹಗಲಿನಲ್ಲೇ ನಿರ್ಭಯವಾಗಿ ತೆವಳುತ್ತದೆ. ಕಪ್ಪು ಮೈ, ಬೆನ್ನುದ್ದಕ್ಕೂ ಬೂದುನೀಲಿ ದಿಂಡುಗಳು, ಅವುಗಳ ಮೇಲೆ ಹಳದಿ ತುದಿಯ ಗಂಟುಗಳು. ತಲೆಯ ಬಳಿ ಎರಡು ಹಳದಿ ಕೊಂಬು. ವಾಸನೆ ಹಿಡಿಯುವ ಅಂಗಗಳಿವು. ಇದರ ಬಳಗಕ್ಕೆ ನ್ಯೂಡಿಬ್ರ್ಯಾಂಕ್ ಎಂದು ಹೆಸರು, ಅಂದರೆ ಬತ್ತಲೆ ಕಿವಿರಿನವು. ತಮಾಷೆಯೆಂದರೆ ಇದರ ಕಿವಿರು ಬೆನ್ನ ಮೇಲಿಲ್ಲ, ಮೈಯಂಚಿನ ಅಡಿಯಲ್ಲಿ ಅಡಗಿದೆ.

ಇಷ್ಟು ವರ್ಣನೆ ಓದಿ ಇದನ್ನು ಗುರುತಿಸಬಹುದು ಎಂದುಕೊಂಡಿರೋ, ಕಷ್ಟ. ಫಿಲಿಡಿಯಾ ಸೀಲೆಸ್ಟಿಸ್ ಎಂಬ ದಾಯಾದಿಯೂ ಕಪ್ಪು, ನೀಲಿ, ಹಳದಿಯದೇ. ಬಸವನಹುಳುಗಳ ನಾಲಗೆಯ ಮೇಲೆ ಅರದಂತಹ ಹಲ್ಲಿನ ಪಟ್ಟಿಯಿರುತ್ತದೆ. ಆ ಹಲ್ಲುಗಳ ಆಕಾರ ನೋಡಿ ಪ್ರಭೇದ ನಿರ್ಧರಿಸುವುದು ಹಳೆಯ ಕ್ರಮ. ಈ ಕುಟುಂಬಕ್ಕೆ ಹಲ್ಲೇ ಇಲ್ಲ! ಸ್ಪಂಜುಜೀವಿಯನ್ನು ಜೀರ್ಣರಸದಿಂದ ಕರಗಿಸಿ ಹೀರುತ್ತದೆ. ಸ್ಪಿರಿಟ್ಟಿನ ಶೀಶೆಗೆ ಹಾಕಿದರೆ ಬಣ್ಣವೂ ಮಾಸುತ್ತದೆ. ಹಾಗಾಗಿ ಜೀವಂತವಿರುವಾಗಲೇ ಮಗುಚಿ ನೋಡಬೇಕು. ವೆರಿಕೋಸಾದ ಅಂಗಾಲಿನ ನಡುವೆ ಉದ್ದಕ್ಕೆ ಒಂದು ಕಪ್ಪು ಗೆರೆ ಎಳೆದಂತಿರುತ್ತದೆ. ಸೀಲೆಸ್ಟಿಸ್‌ಗೆ ಅದಿಲ್ಲ. ಎಲಿಗನ್ಸ್ ಎಂಬ ಮೂರನೆಯದಕ್ಕೆ ಗೆರೆಯೇನೋ ಉಂಟು; ಆದರೆ ಅದರ ಗಂಟುಗಳಿಗೆ ಗುಲಾಬಿ ಛಾಯೆ, ಉದ್ದ ದಿಂಡುಗಳಿಲ್ಲ. ಬೆನ್ನಿನ ಫೋಟೋ ಒಂದನ್ನೇ ತೆಗೆದು ಹೆಸರು ಬರೆಯುವುದು ನನಗೆ ಒಪ್ಪಿಗೆಯಲ್ಲ.

ಹೆಸರು ಸರಿಯಿರಬೇಕೆಂಬ ಹಟ ಏಕೆ? ಈ ಹುಳುವನ್ನು ಮೀನುಗಳ ಜೊತೆ ತೊಟ್ಟಿಯಲ್ಲಿಟ್ಟರೆ ಮೀನುಗಳು ಸಾಯುತ್ತವೆ. ಅದು ಬಿಡುವ ಲೋಳೆಗೆ ಕೆಟ್ಟ ವಾಸನೆ. ಹವಾಯಿ ವಿಶ್ವವಿದ್ಯಾಲಯದ ಪಾಲ್ ಷಾಯರ್ ಮತ್ತು ಸಂಗಡಿಗರು ಆ ವಿಷವನ್ನು ಬೇರ್ಪಡಿಸಿ 1975ರಲ್ಲಿ ಪ್ರಕಟಿಸಿದರು. ಒವಾಹು ದ್ವೀಪದ ಪುಪುಕಿಯಾ ಎಂಬ ಊರಿನ ಹೆಸರು ಆ ರಾಸಾಯನಿಕದ ಹೆಸರಿನೊಳಗೇ ಸೇರಿಕೊಂಡಿದೆ. ಹುಳು ತಿನ್ನುವ ಸ್ಪಂಜಿನಲ್ಲೂ ಅದೇ ವಿಷ ಸಿಕ್ಕಿತು. ಅಂದರೆ ಇದು ಸಾಲ ತಂದ ಆಯುಧ. ಪ್ರಭೇದ ಬೇರೆಯಾದರೆ ಮೇವೂ ಬೇರೆಯಾಗಬಹುದು, ಮೇವು ಬೇರೆಯಾದರೆ ವಿಷವೂ. ಶೀಶೆಯ ಚೀಟಿಯಲ್ಲಿ ಹೆಸರು ತಪ್ಪಿದರೆ ಮತ್ತೊಬ್ಬ ವಿಜ್ಞಾನಿ ಅದೇ ವಿಷವನ್ನು ಬೇರೊಂದು ಹುಳುವಿನಲ್ಲಿ ಹುಡುಕುತ್ತಾ ಕೂರುತ್ತಾನೆ.

ಈ ವಿಷದ ಖ್ಯಾತಿಯಲ್ಲಿ ಪಾಲು ಪಡೆಯುವವರೂ ಇದ್ದಾರೆ. ಪಿಯರ್ಸನೋಥೂರಿಯಾ ಎಂಬ ಕಡಲಸೌತೆಯ ಮರಿ ವೆರಿಕೋಸಾದಂತೆಯೇ ವೇಷ ಹಾಕುತ್ತದೆ. ಹಳದಿ ಮುಳ್ಳು, ಕಪ್ಪು ಪಟ್ಟೆ, ಎಲ್ಲಾ ಇದೆ. ಆದರೆ ತಲೆಯ ಬಳಿಯ ಜೋಡಿ ಕೊಂಬು ಅದಕ್ಕಿಲ್ಲ. ಬೆಳೆದು ದೊಡ್ಡದಾದ ಮೇಲೆ ಈ ಬಣ್ಣವೂ ಉಳಿಯದೆ, ಮಾಸಲು ಮೈಯ ಸಾಧಾರಣ ಕಡಲಸೌತೆಯಾಗುತ್ತದೆ.