ಜಲನಗರದ ಮನೆ, ಎರೆಮಣ್ಣಿನ ನೆಲ

ವಿಜಯಪುರದ ಜಲನಗರದಲ್ಲಿ ಒಂದು ಹಳೆಯ ಮನೆ ಮಾರಾಟಕ್ಕಿದೆ ಎಂದು ಇಟ್ಟುಕೊಳ್ಳಿ. 30–40ರ ಪ್ಲಾಟು, ಎರಡು ಮಲಗುವ ಕೋಣೆ, ಮುಂದೆ ಒಂದು ಬೇವಿನ ಮರ. ನೋಡಲು ಬಂದವರು ಕಚೇರಿಯೊಂದರ ಗುಮಾಸ್ತರು, ಅವರ ಪತ್ನಿ, ವಯಸ್ಸಾದ ತಾಯಿ, ಪಿಯುಸಿ ವಿಜ್ಞಾನ ಓದುವ ಮಗಳು, ಎಂಟನೆಯ ತರಗತಿಯ ಮಗ. ಹದಿನೆಂಟು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಸಂಸಾರ. ಅಕ್ಷಯ ತೃತೀಯದ ದಿನವೇ ಇಸಾರ ಕೊಟ್ಟುಬಿಡಬೇಕೆಂಬುದು ತಂದೆಯ ಅವಸರ.

ಅವಸರಕ್ಕೆ ಕಾರಣವಿಲ್ಲದಿಲ್ಲ. ಇದೇ ದುಡ್ಡಿಗೆ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಇನ್ನೂ ದೊಡ್ಡ ಜಾಗ ಸಿಕ್ಕೀತು. ಆದರೆ ಕೂಡಿಕೊಂಡಿರುವ ಬಡಾವಣೆಯಲ್ಲಿ ಕಿರಾಣಿ ಅಂಗಡಿ, ದವಾಖಾನೆ ಕಾಲ್ನಡಿಗೆಯಲ್ಲಿ ಮುಗಿಯುತ್ತವೆ. ಜಲನಗರಕ್ಕೆ ಅದರದೇ ಹೆಸರಿನ ಪೊಲೀಸ್ ಠಾಣೆಯೂ ಇದೆ. ಅಜ್ಜಿ ಯಾರನ್ನೂ ಕಾಯದೆ ಗುಡಿಗೆ ಹೋಗಿ ಬರಬಹುದು. ಮನೆ ಕಚೇರಿಯಿಂದ 8 ಕಿ.ಮೀ. ಆಚೆಗಿದ್ದರೆ ದಿನಕ್ಕೆ 16 ಕಿ.ಮೀ., ತಿಂಗಳ 25 ದಿನಕ್ಕೆ 400 ಕಿ.ಮೀ. ಓಡಾಟ. ಲೀಟರಿಗೆ 50 ಕಿ.ಮೀ. ಓಡುವ ಬೈಕಿಗೂ 8 ಲೀಟರ್ ಬೇಕು. ಪೆಟ್ರೋಲು ನೂರು ರೂಪಾಯಿ ಎಂದು ಹಿಡಿದರೆ ಒಬ್ಬರಿಗೆ ತಿಂಗಳಿಗೆ 800 ರೂಪಾಯಿ. ಓಡಾಡುವವರು ಮೂವರಾದರೆ? ಪ್ಲಾಟಿನ ಬೆಲೆ ಹೇಳುವಾಗ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಸಾಲದ ಲೆಕ್ಕವನ್ನು ಮಗ ಹಾಕಿದ. 20 ಲಕ್ಷ ರೂಪಾಯಿ, ಶೇ 9ರ ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 17,995 ರೂಪಾಯಿ. ಮೊದಲ ಕಂತಿನಲ್ಲಿ 15,000 ಬಡ್ಡಿಗೇ ಹೋಗಿ, ಅಸಲು ಕರಗುವುದು 2,995 ಮಾತ್ರ. ಹದಿನಾಲ್ಕು ವರ್ಷ ಕಟ್ಟಿದ ಮೇಲೂ ಅರ್ಧ ಅಸಲು ಬಾಕಿ ಇರುತ್ತದೆ! ಕೊನೆಗೆ ಕಟ್ಟಿದ ಒಟ್ಟು ಮೊತ್ತ 43 ಲಕ್ಷ ದಾಟುತ್ತದೆ. ಅವಧಿಯನ್ನು 15 ವರ್ಷಕ್ಕೆ ಇಳಿಸಿದರೆ ಕಂತು 20,285 ಆಗುತ್ತದೆ, ಆದರೆ ಒಟ್ಟಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಚಕ್ರಬಡ್ಡಿಯ ಪಾಠ ಪರೀಕ್ಷೆಗೆ ಮಾತ್ರ ಎಂದುಕೊಂಡಿದ್ದ ಹುಡುಗ ಆ ದಿನ ಎರಡು ಸಲ ಗುಣಿಸಿ ನೋಡಿದ.

ಇಷ್ಟು ದೀರ್ಘಕಾಲ ತೀರಿಸಬೇಕಾದ ಮನೆ ಅಷ್ಟು ಕಾಲ ಗಟ್ಟಿಯಾಗಿ ನಿಲ್ಲುವುದೇ? ಮಗಳ ಕಣ್ಣು ಅಡುಗೆಮನೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿದ್ದ ಬಿರುಕಿನ ಮೇಲೆ ಬಿತ್ತು. ಇಂತಹವು ಮೂರು ಇದ್ದವು. ಮನೆಯ ಮಾಲೀಕರು, “ಬರೇ ಗಿಲಾವಿನ ಬಿರುಕರೀ, ಬಣ್ಣಾ ಹಚ್ಚಿದ್ರ ಹೋಗ್ತಾವ” ಎಂದರು. ಇರಬಹುದು. ಗಿಲಾವಿನ ಕೂದಲೆಳೆ ಬಿರುಕುಗಳು ಎಲ್ಲ ಮನೆಗಳಲ್ಲೂ ಇರುತ್ತವೆ, ಅವುಗಳಿಂದ ಅಪಾಯವಿಲ್ಲ. ಆದರೆ ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ಗೋಡೆಯ ಮಾತಲ್ಲ, ನೆಲದ ಮಾತು.

ವಿಜಯಪುರದ ಸುತ್ತಲಿನ ಎರೆಮಣ್ಣು ದಖನ್ನಿನ ಬಸಾಲ್ಟ್ ಶಿಲೆ ಸವೆದು ಆದದ್ದು. ಡೋಣಿ ಹೊಳೆ ಹರಿದ ವರ್ಷ ಓಣಿಯಲ್ಲಿ ಜೋಳಕ್ಕೆ ಕೊರತೆಯಿಲ್ಲ ಎನ್ನುತ್ತಾರಲ್ಲ, ಆ ಜೋಳ ಕೊಡುವ ಮಣ್ಣೂ ಇದೇ. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತವೆ. ಮಳೆಗಾಲದಲ್ಲಿ ಹಾಳೆಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಬೆಳೆಗೆ ಇದು ವರ. ಪಾಯಕ್ಕೆ ಮಾತ್ರ ಪ್ರತಿವರ್ಷದ ಜಗ್ಗಾಟ. ಇಡೀ ಮನೆ ಒಂದೇ ಸಮ ಏರಿಳಿದರೆ ಅಷ್ಟು ತೊಂದರೆಯಿಲ್ಲ. ಒಂದು ಮೂಲೆ ಗರಸಿನ ಮೇಲೆ, ಇನ್ನೊಂದು ಮೂಲೆ ಎರೆಯ ಮೇಲೆ ಕುಳಿತರೆ ಗೋಡೆ ಸೀಳುತ್ತದೆ.

ಇದೇ ಊರಿನಲ್ಲಿ ಮುಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟವಿದೆ. ಸುಲ್ತಾನ 1656ರಲ್ಲಿ ತೀರಿಕೊಂಡ. ಹೊರಗಿನಿಂದ ಸುಮಾರು 44 ಮೀಟರ್ ಅಡ್ಡಳತೆಯ ಆ ಗುಮ್ಮಟದ ಭಾರ ಹೊತ್ತ ಗೋಡೆಗಳು ಓರೆಯಾಗಿ ಕುಸಿಯದಿರುವುದಕ್ಕೆ ಒಂದು ಕಾರಣ, ಅದರ ಪಾಯ ತಳದ ಬಂಡೆಯ ಮೇಲೆ ನಿಂತಿರುವುದು. ಬಂಡೆ ಆಳದಲ್ಲಿರುವ ಕಡೆಗೆಂದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಈರುಳ್ಳಿಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳ ಪಾಯವನ್ನು ರೂಪಿಸಿದೆ. ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳಕ್ಕೆ ಇಳಿಯುವ ಈ ಕಂಬಗಳ ಬುಡ, ತೇವ ಅಷ್ಟಾಗಿ ಬದಲಾಗದ ಮಣ್ಣಿನಲ್ಲಿ ಹಿಡಿದುಕೊಳ್ಳುತ್ತದೆ. ಹಳೆಯ ಮನೆಯ ಪಾಯವನ್ನು ಅಗೆದು ನೋಡಲಾಗದು, ಪಕ್ಕದ ಪ್ಲಾಟಿನಲ್ಲಿ ಮನೆ ಕಟ್ಟಿಸಿದವರನ್ನು ಕೇಳಬಹುದು. ಗರಸು ಎಷ್ಟು ಅಡಿಗೆ ಹತ್ತಿತು ಎಂಬುದು ಅವರಿಗೆ ನೆನಪಿರುತ್ತದೆ, ಏಕೆಂದರೆ ಅಗೆದ ಪ್ರತಿ ಅಡಿಗೂ ದುಡ್ಡು ಕೊಟ್ಟಿರುತ್ತಾರೆ.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಮಗಳು ಒಂದು ಉಪಾಯ ಹೇಳಿದಳು. ತೆಳುವಾದ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡೂ ತುದಿಯನ್ನು ಸಿಮೆಂಟಿನಿಂದ ಅಂಟಿಸಬೇಕು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಆದರೆ ಅದಕ್ಕೆ ಒಂದು ಮಳೆಗಾಲ ಕಾಯಬೇಕು. ತಂದೆ ಸಿಡುಕಿದರು. ನಡುವೆ ಬೇರೆಯವರು ಕೊಂಡುಬಿಟ್ಟರೆ? “ಹದಿನೆಂಟು ವರ್ಷ ಕಾದೀವಿ, ಇನ್ನ ಆರು ತಿಂಗಳೇನು ದೊಡ್ಡದಪ್ಪಾ?” ಎಂದಳು ಅಜ್ಜಿ. ಮಾಲೀಕರಿಗೆ ಬೇಸರವಾಯಿತು, ಆದರೂ ಒಪ್ಪಿದರು.

ಆ ಆರು ತಿಂಗಳು ಸುಮ್ಮನೆ ಹೋಗಲಿಲ್ಲ. ತಾಯಿ ಪಕ್ಕದ ಮನೆಗಳಲ್ಲಿ ವಿಚಾರಿಸಿದ್ದು ನೀರನ್ನು: ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮೇ ತಿಂಗಳಲ್ಲಿ ಟ್ಯಾಂಕರು ತರಿಸಬೇಕಾಗುತ್ತದೆಯೇ? ಬಡಾವಣೆಯ ಹೆಸರಿನಲ್ಲಿ ಜಲವಿದ್ದರೆ ಟಾಕಿ ತುಂಬುವುದಿಲ್ಲ. ಆದಿಲ್ ಶಾಹಿಗಳ ಕಾಲದಲ್ಲಿ ಬೇಗಂ ತಲಾಬಿನ ನೀರು ಮಣ್ಣಿನ ಕೊಳವೆಗಳಲ್ಲಿ ಇಳಿಜಾರಿನ ಬಲದಿಂದಲೇ ಊರಿಗೆ ಬರುತ್ತಿತ್ತು. ನಡುವೆ ಕಟ್ಟಿದ ಗಂಜ್ ಎಂಬ ಗೋಪುರಗಳು ಕೊಳವೆ ಒಡೆಯದಂತೆ ಒತ್ತಡ ತಗ್ಗಿಸುತ್ತಿದ್ದವು. ಈಗಿನ ಕೃಷ್ಣೆಯ ನೀರು ಹಾಗಲ್ಲ. ಆಲಮಟ್ಟಿ ಜಲಾಶಯ ತುಂಬಿದಾಗಲೂ ನೀರಿನ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್. ವಿಜಯಪುರ ಇರುವುದು ಸುಮಾರು 590 ಮೀಟರ್ ಎತ್ತರದಲ್ಲಿ. ಪ್ರತಿ ಕೊಡ ನೀರನ್ನೂ 70 ಮೀಟರ್ ಎತ್ತಬೇಕು, ವಿದ್ಯುತ್ತು ಹೋದರೆ ನಳವೂ ನಿಲ್ಲುತ್ತದೆ.

ಮಾಳಿಗೆಯ ಮೇಲೆ ಬೀಳುವ ಮಳೆಯನ್ನೂ ಲೆಕ್ಕ ಹಾಕಿ. ಮಾಳಿಗೆ 100 ಚದರ ಮೀಟರ್, ವರ್ಷದ ಮಳೆ 550 ಮಿ.ಮೀ. ಎಂದು ಹಿಡಿದರೆ 55,000 ಲೀಟರ್. ಐದನೆಯ ಒಂದು ಪಾಲು ಪೋಲಾದರೂ 44,000 ಉಳಿಯುತ್ತದೆ. ಐದು ಜನರಿಗೆ ತಲಾ 135 ಲೀಟರಿನಂತೆ ಅದು 65 ದಿನದ ನೀರು. ಹಿಡಿದಿಡಲು ಅಷ್ಟು ದೊಡ್ಡ ಟಾಕಿಯನ್ನು ಈ ಪ್ಲಾಟಿನಲ್ಲಿ ಎಲ್ಲಿ ಕಟ್ಟುವುದು ಎಂಬ ಪ್ರಶ್ನೆ ಉಳಿಯಿತು. ಕೊಳವೆ ಬಾವಿಯ ನೀರನ್ನು ಫ್ಲೋರೈಡ್ ಪರೀಕ್ಷೆಗೆ ಕಳಿಸಿದರು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿ.ಗ್ರಾಂ. ಮೀರದಿದ್ದರೆ ಒಳ್ಳೆಯದು. ತಂದೆ ಉತಾರ, ಋಣಭಾರ ಪ್ರಮಾಣಪತ್ರ, ಬಡಾವಣೆಯ ಮಂಜೂರಾತಿ ನಕ್ಷೆ ತರಿಸಿ ವಕೀಲರಿಗೆ ತೋರಿಸಿದರು.

ದೀಪಾವಳಿಗೆ ಬಂದು ನೋಡಿದಾಗ ಎರಡು ಗಾಜುಗಳು ಇದ್ದಂತೆಯೇ ಇದ್ದವು. ಅಡುಗೆಮನೆಯದು ಅಡ್ಡಕ್ಕೆ ಒಡೆದಿತ್ತು. ಗೋಡೆಯ ಹೊರಗೆ ಹೋಗಿ ನೋಡಿದರೆ ಪಕ್ಕದ ಮನೆಯ ಬಚ್ಚಲಿನ ಪೈಪು ಒಡೆದು ನೀರು ನೇರವಾಗಿ ಈ ಮೂಲೆಯ ಪಾಯಕ್ಕೇ ಇಂಗುತ್ತಿತ್ತು. ಒತ್ತೊತ್ತಾದ ಬಡಾವಣೆಯ ಗುಣದೋಷ ಎರಡೂ ಇಲ್ಲೇ: ನೆರೆಯವರ ಸಹಾಯವೂ ಹತ್ತಿರ, ಅವರ ಬಚ್ಚಲೂ ಹತ್ತಿರ. ಕರೆಸಿದ ಎಂಜಿನಿಯರು ಪೈಪು ಬದಲಿಸಿ, ಮನೆಯ ಸುತ್ತ ಮೂರು ಅಡಿ ಫರಸಿ ಹಾಕಿಸಿ, ಮಣ್ಣಿನ ತೇವ ಒಂದೇ ಸಮನಾದ ಮೇಲೆ ಬಿರುಕನ್ನು ಹೊಲಿಸಿ ಎಂದರು. ಬೇವಿನ ಮರದ ಬೇರು ಬೇಸಿಗೆಯಲ್ಲಿ ಪಾಯದ ತೇವ ಹೀರುತ್ತದೆಂದೂ ಎಚ್ಚರಿಸಿದರು. ಮರ ಕಡಿಯಲು ಅಜ್ಜಿ ಒಪ್ಪಲಿಲ್ಲ.

ದುರಸ್ತಿಯ ಖರ್ಚನ್ನು ಮಾಲೀಕರು ಬೆಲೆಯಲ್ಲಿ ಕಳೆದುಕೊಟ್ಟರು. ಪಕ್ಕದ ಮನೆಯವರು ತಮ್ಮ ಪೈಪನ್ನು ತಾವೇ ಸರಿಪಡಿಸಿ, ಚಹಾಕ್ಕೂ ಕರೆದರು. ಇಸಾರದ ದಿನ ಮಗಳು ಒಡೆದ ಗಾಜನ್ನು ಕಿತ್ತು ಅದೇ ಜಾಗದಲ್ಲಿ ಹೊಸದೊಂದನ್ನು ಅಂಟಿಸಿ, ಪೆನ್ಸಿಲಿನಿಂದ ತಾರೀಖು ಬರೆದಳು.