ಬೇವಿನ ಕೊಂಬೆಯ ಆರ್ಕಿಡ್ ಮರದ ರಸ ಹೀರುತ್ತದೆಯೇ?

ಆರ್ಕಿಡ್ ಎಂದರೆ ನಮಗೆ ನೆನಪಾಗುವುದು ಕೊಡಗು ಮತ್ತು ಮಲೆನಾಡಿನ ಜಡಿಮಳೆ. ಯಾದಗಿರಿ, ಶಹಾಪುರ, ಸುರಪುರದ ಸುಡುಬಿಸಿಲಿಗೂ ಆರ್ಕಿಡ್‌ಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಆದರೆ ವಾಂಡಾ ಟೆಸಲೇಟಾ ಎಂಬ ಆರ್ಕಿಡ್ ಇಂಥ ಒಣಸೀಮೆಯ ಬದುಕಿಗೆ ಒಗ್ಗಿದ ಸಸ್ಯ. ಭಾರತದ ಬಯಲುಸೀಮೆಗಳಲ್ಲಿ ಮಾವು, ಬೇವಿನಂಥ ಮರಗಳ ಕೊಂಬೆಗಳ ಮೇಲೆ ಬೆಳೆಯುತ್ತದೆ. ಕಂಡವರು ಅದನ್ನು ಬಂದಳಿಕೆ ಎಂದುಕೊಳ್ಳುವುದೇ ಹೆಚ್ಚು. "ಗಿಡಕ್ಕ ಬಂದಳಿಕಿ ಹತ್ತ್ಯಾದ, ಕಿತ್ತಿ ಒಗೀರಿ" ಎನ್ನುತ್ತಾರೆ. (ಈ ಭಾಗದಲ್ಲಿ ಮರಕ್ಕೂ ಗಿಡ ಎಂದೇ ಹೆಸರು.)

ಬಂದಳಿಕೆಯ ಮೇಲಿನ ಸಿಟ್ಟು ನ್ಯಾಯವಾದದ್ದೇ. ಅದರ ಅಂಟು ಬೀಜವನ್ನು ಪುಟ್ಟ ಹಕ್ಕಿಗಳು ಕೊಂಬೆಗೆ ಅಂಟಿಸುತ್ತವೆ. ಮೊಳೆತ ಬೀಜ ತೊಗಟೆಯನ್ನು ಕೊರೆದು ಒಳಗಿನ ನೀರು, ಲವಣಗಳನ್ನು ಕದಿಯುತ್ತದೆ. ಸೇರಿದ ಜಾಗದಲ್ಲಿ ಕೊಂಬೆ ಗಂಟಿನಂತೆ ಊದಿಕೊಳ್ಳುತ್ತದೆ, ಅದರಾಚೆಯ ಭಾಗ ಸೊರಗುತ್ತದೆ. ವಾಂಡಾ ಹಾಗಲ್ಲ. ಅದರ ದಪ್ಪ ಬೇರುಗಳು ತೊಗಟೆಯನ್ನು ತಬ್ಬಿಕೊಳ್ಳುತ್ತವೆ, ಒಳಗೆ ಇಳಿಯುವುದಿಲ್ಲ. ಬೇರಿನ ಹೊರಪದರ ಸತ್ತ ಜೀವಕೋಶಗಳ ಸ್ಪಂಜು. ಒಣಗಿದ್ದಾಗ ಬೆಳ್ಳಗೆ ಕಾಣುವ ಬೇರಿಗೆ ನಾಲ್ಕು ಹನಿ ನೀರು ಬಿಡಿ, ನೋಡನೋಡುತ್ತ ಹಸಿರಾಗುತ್ತದೆ. ಮಳೆನೀರು, ಇಬ್ಬನಿ, ತೊಗಟೆಯ ಮೇಲಿನ ಧೂಳು, ಕೊಳೆತ ಎಲೆ, ಇಷ್ಟೇ ಅದರ ಊಟ. ಎಲೆಯ ರಂಧ್ರಗಳನ್ನು ಹಗಲಲ್ಲಿ ಮುಚ್ಚಿ ರಾತ್ರಿ ತೆರೆಯುವುದರಿಂದ ಬೇಸಿಗೆಯಲ್ಲೂ ನೀರು ಉಳಿಯುತ್ತದೆ.

ಗುರುತಿಸುವುದೂ ಕಷ್ಟವಲ್ಲ. ಬಂದಳಿಕೆಗೆ ಅಗಲ ಎಲೆ, ಕವಲೊಡೆದ ಗಟ್ಟಿ ಕಾಂಡ. ವಾಂಡಾದ ಎಲೆ ಕಿರಿದು, ದಪ್ಪ, ನಡುವೆ ಕಾಲುವೆಯಂತೆ ಮಡಿಚಿಕೊಂಡು ಎರಡು ಸಾಲಾಗಿ ಜೋಡಿಸಿರುತ್ತದೆ. ತುದಿ ಇಲಿ ಕಡಿದಂತೆ ಒರಟು. ಹಳದಿ-ಹಸಿರು ಹೂದಳಗಳ ಮೇಲೆ ಕಂದು ಗೆರೆಗಳ ಚೌಕುಳಿ, ನಡುವಿನ ತುಟಿ ನೇರಳೆ. ಟೆಸಲೇಟಾ ಎಂದರೆ ಚೌಕುಳಿ ಎಂದೇ ಅರ್ಥ. ವಾಂಡಾ ಎಂಬ ಹೆಸರು ಮಾತ್ರ ಸಂಸ್ಕೃತದ 'ವಂದಾ'ದಿಂದ ಬಂದದ್ದು. ಮರದ ಮೇಲಿನ ಪರಾವಲಂಬಿ ಸಸ್ಯಕ್ಕೂ ಇದೇ ಪದ! ಹಾಗಾಗಿ ಗೊಂದಲಕ್ಕೆ ರೈತರನ್ನಷ್ಟೇ ದೂರುವಂತಿಲ್ಲ.

ಹಾಗಾದರೆ ಒಣಗುವ ಮರಗಳ ಮೇಲೆಯೂ ಇದು ಕಾಣುವುದೇಕೆ? ಹಳೆಯ ಮರದ ತೊಗಟೆ ಒರಟಾಗಿರುತ್ತದೆ, ಎಲೆ ವಿರಳವಾದ್ದರಿಂದ ಬೆಳಕೂ ಸಿಗುತ್ತದೆ. ಮುಪ್ಪಿನ ಮರ ಆರ್ಕಿಡ್‌ಗೆ ಅನುಕೂಲ, ಆದರೆ ಮುಪ್ಪು ತಂದದ್ದು ಆರ್ಕಿಡ್ ಅಲ್ಲ.

ಒಮ್ಮೆ ಕಿತ್ತರೆ ಮತ್ತೆ ಬರುವುದು ನಿಧಾನ. ಒಂದು ಕಾಯಿಯಲ್ಲಿ ಸಾವಿರಾರು ಬೀಜಗಳಿದ್ದರೂ ಧೂಳಿನಂಥ ಆ ಬೀಜಗಳಲ್ಲಿ ಆಹಾರದ ಬುತ್ತಿ ಇಲ್ಲ. ಸರಿಯಾದ ಶಿಲೀಂಧ್ರ ಜೊತೆಯಾದರೆ ಮಾತ್ರ ಮೊಳಕೆ, ಹೂ ಬಿಡಲು ಮತ್ತೂ ಹಲವು ವರ್ಷ. ಕೆಲವೆಡೆ ಇದರ ಬೇರನ್ನು ರಾಸ್ನಾ ಎಂದು ಮಾರುವುದೂ ಉಂಟು. ಭಾರತೀಯ ಆಯುರ್ವೇದ ಫಾರ್ಮಕೋಪಿಯಾ ಹೇಳುವ ರಾಸ್ನಾ ಪ್ಲುಕಿಯಾ ಲ್ಯಾನ್ಸಿಯೊಲೇಟಾ ಎಂಬ ಬೇರೆಯೇ ಗಿಡ.

ಬಂದಳಿಕೆಯನ್ನು ಕಾಯಿ ಬಿಡುವ ಮೊದಲೇ, ಗಂಟಿನ ಕೆಳಗೆ ಕೊಂಬೆ ಸಮೇತ ಕಡಿಯಿರಿ. ವಾಂಡಾವನ್ನು ಹಾಗೇ ಬಿಡಿ. ಗಾಳಿಗೆ ಕೊಂಬೆ ಮುರಿದು ಕೆಳಗೆ ಬಿದ್ದಿದ್ದರೆ ಅರೆನೆರಳಿನ ಇನ್ನೊಂದು ಒರಟು ತೊಗಟೆಗೆ ನಾರಿನ ಹಗ್ಗದಿಂದ ಕಟ್ಟಿ, ಬೇರು ಹಿಡಿಯುವವರೆಗೆ ಆಗಾಗ ನೀರು ಚಿಮುಕಿಸಿದರೆ ಸಾಕು.